ನೋಡುವ ಕಮಾಂಡ್, ಬದಲಾಯಿಸುವ ಕಮಾಂಡ್

ಟರ್ಮಿನಲ್ ಕಮಾಂಡ್‌ಗಳನ್ನು ನಾನು ಎರಡು ಗುಂಪು ಮಾಡಿಕೊಂಡಿದ್ದೇನೆ. ಒಂದು, ಕಂಪ್ಯೂಟರನ್ನು ಪ್ರಶ್ನೆ ಕೇಳುವವು. ಇನ್ನೊಂದು, ಅದರೊಳಗೆ ಏನನ್ನಾದರೂ ಬದಲಾಯಿಸುವವು. ಕಲಿಯಲು ಶುರು ಮಾಡಿದಾಗ ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಟರ್ಮಿನಲ್ ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿ ಆದೇಶ ಕೊಡುವ ಕಪ್ಪು ಕಿಟಕಿ. ಅದರಲ್ಲಿ ಏನು ಒತ್ತಿದರೆ ಏನಾಗುತ್ತದೋ ಎಂಬ ಹೆದರಿಕೆ ಇತ್ತು. ದಿನವೂ ಬೇಕಾಗುವ ಕಮಾಂಡ್‌ಗಳಲ್ಲಿ ಹೆಚ್ಚಿನವು ಸುಮ್ನೆ ನೋಡಿ ಹೇಳುತ್ತವೆ, ಯಾವ ಫೈಲನ್ನೂ ಮುಟ್ಟುವುದಿಲ್ಲ ಅಂತ ಗೊತ್ತಾದ ಮೇಲೆ ಹೆದರಿಕೆ ಹೋಯಿತು. ನೋಡುವವನ್ನು ಎಷ್ಟು ಸಲ ಬೇಕಾದರೂ ರನ್ ಮಾಡಬಹುದು. ಬದಲಾಯಿಸುವವಕ್ಕೆ ಮಾತ್ರ ಎಂಟರ್ ಒತ್ತುವ ಮುಂಚೆ ಕೈ ಸ್ವಲ್ಪ ತಡೆಯಬೇಕು.

ನಾನು ಬಳಸುವ ಆಪರೇಟಿಂಗ್ ಸಿಸ್ಟಮ್ ಉಬುಂಟು ಲಿನಕ್ಸ್. ನನ್ನ ಲ್ಯಾಪ್‌ಟಾಪಿನಲ್ಲೂ ಅದೇ, ಕೆಲಸಕ್ಕಾಗಿ ನೋಡಿಕೊಳ್ಳುವ ಸರ್ವರ್‌ಗಳಲ್ಲೂ ಅದೇ. ಇಲ್ಲಿ ಹೇಳುವ ಬಹುಪಾಲು ಸಂಗತಿ ಬೇರೆ ಲಿನಕ್ಸ್‌ಗಳಿಗೂ ಹೊಂದುತ್ತದೆ. ಕಮಾಂಡ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹಾಕಬೇಕು. ಲಿನಕ್ಸ್‌ಗೆ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ.

ಮೊದಲ ಪ್ರಶ್ನೆ, ನಾನು ಈಗ ಯಾವ ಫೋಲ್ಡರಿನಲ್ಲಿದ್ದೇನೆ? ಪಿಡಬ್ಲ್ಯೂಡಿ ಅದನ್ನು ಹೇಳುತ್ತದೆ. ಎಲ್‌ಎಸ್ ಮೈನಸ್ ಎಲ್‌ಎ ಕೊಟ್ಟರೆ ಅಡಗಿರುವ ಫೈಲುಗಳೂ ಸೇರಿ ಎಲ್ಲ ಕಾಣುತ್ತವೆ. ಸಿಡಿ ಬೇರೆ ಫೋಲ್ಡರಿಗೆ ಕರೆದುಕೊಂಡು ಹೋಗುತ್ತದೆ. ಸಿಡಿ ಮೈನಸ್ ಅಂದರೆ ಈಗಷ್ಟೇ ಬಿಟ್ಟು ಬಂದ ಫೋಲ್ಡರಿಗೆ ವಾಪಸ್. ಉದ್ದದ ಹೆಸರುಗಳನ್ನು ನಾನು ಪೂರ್ತಿ ಟೈಪ್ ಮಾಡುವುದೇ ಇಲ್ಲ. ಶುರುವಿನ ಅಕ್ಷರ ಹಾಕಿ ಟ್ಯಾಬ್ ಒತ್ತುತ್ತೇನೆ, ಉಳಿದದ್ದು ತಾನೇ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳದಿದ್ದರೆ ಆ ಹೆಸರಿನ ಫೈಲ್ ಅಲ್ಲಿಲ್ಲ, ಇಲ್ಲವೇ ಹಾಗೆ ಶುರುವಾಗುವ ಹೆಸರು ಒಂದಕ್ಕಿಂತ ಜಾಸ್ತಿ ಇವೆ. ಕಮಾಂಡ್ ರನ್ ಮಾಡುವ ಮುಂಚೆಯೇ ಇಷ್ಟು ಗೊತ್ತಾಗಿಬಿಡುತ್ತದೆ.

ಹೊಸ ಕಮಾಂಡ್ ಸಿಕ್ಕರೆ ಅದರ ಹೆಸರಿಗಿಂತ ಮೊದಲು ಮ್ಯಾನ್ ಸೇರಿಸಿ, ಬರುವ ಕೈಪಿಡಿ ಪುಟ ಓದುತ್ತೇನೆ. ಮ್ಯಾನ್ ಪುಟದೊಳಗೆ ಸ್ಲ್ಯಾಶ್ ಒತ್ತಿ ಪದ ಕೊಟ್ಟರೆ ಹುಡುಕಿ ಕೊಡುತ್ತದೆ, ಕ್ಯೂ ಒತ್ತಿದರೆ ಆಚೆ ಬರಬಹುದು. ಎಲ್ಲಿಂದಲೋ ಸಿಕ್ಕ ಸಾಲನ್ನು ಹಾಗೇ ಅಂಟಿಸುವುದು ನನಗೆ ಒಗ್ಗುವುದಿಲ್ಲ. ಅದರಲ್ಲಿರುವ ಒಂದೊಂದು ಆಪ್ಷನ್ನಿನ ಅರ್ಥವನ್ನೂ ಮ್ಯಾನ್ ಪುಟದಲ್ಲಿ ನೋಡಿದ ಮೇಲೆಯೇ ಮುಂದಿನ ಮಾತು. ನನ್ನ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಇದೆಯೋ ಅದರ ವಿವರಣೆಯೇ ಅಲ್ಲಿ ಇರುತ್ತದೆ.

ಸರ್ವರ್ ನೋಡಿಕೊಳ್ಳುವವರಿಗೆ ದೊಡ್ಡ ತಲೆನೋವು ಡಿಸ್ಕ್ ತುಂಬುವುದು. ಡಿಸ್ಕ್ ತುಂಬಿದರೆ ಡೇಟಾಬೇಸ್ ಬರೆಯುವುದನ್ನು ನಿಲ್ಲಿಸುತ್ತದೆ, ಅಪ್‌ಡೇಟ್ ಅರ್ಧದಲ್ಲಿ ಕೈಬಿಡುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ಕೆಲವೊಮ್ಮೆ ಡೆಸ್ಕ್‌ಟಾಪಿಗೆ ಲಾಗಿನ್ ಆಗಲೂ ಬಿಡುವುದಿಲ್ಲ. ಆಗ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಲಾಗಿನ್ ಪರದೆ ಬರುತ್ತದೆ, ಅಲ್ಲಿಂದ ಕೆಲಸ ಶುರು ಮಾಡಬಹುದು.

ಡಿಎಫ್ ಮೈನಸ್ ಎಚ್ ಕೊಟ್ಟರೆ ಯಾವ ಡಿಸ್ಕ್ ಎಷ್ಟು ಶೇಕಡಾ ತುಂಬಿದೆ ಅಂತ ಕಾಣುತ್ತದೆ. ಎಲ್ಲಿ ತುಂಬಿದೆ ಅಂತ ಕೇಳಬೇಕಾದ್ದು ಡಿಯು ಕಮಾಂಡನ್ನು. ಡಿಯು ಮೈನಸ್ ಎಕ್ಸ್‌ಎಚ್, ಜೊತೆಗೆ ಮ್ಯಾಕ್ಸ್ ಡೆಪ್ತ್ ಒಂದು ಅಂತ ಕೊಟ್ಟು, ಫಲಿತಾಂಶವನ್ನು ಪೈಪ್ ಮೂಲಕ ಸಾರ್ಟ್ ಮೈನಸ್ ಎಚ್‌ಗೆ ಕಳಿಸುತ್ತೇನೆ. ಮ್ಯಾಕ್ಸ್ ಡೆಪ್ತ್ ಒಂದು ಅಂದರೆ ಒಂದು ಹಂತದ ಫೋಲ್ಡರುಗಳನ್ನಷ್ಟೇ ತೋರಿಸು ಅಂತ. ಎಕ್ಸ್ ಅಂದರೆ ಈ ಒಂದು ಡಿಸ್ಕ್ ಬಿಟ್ಟು ಬೇರೆ ಕಡೆ ಹೋಗಬೇಡ ಅಂತ. ಸಾರ್ಟ್‌ನ ಎಚ್ ಅಂದರೆ ಕೆಬಿ, ಎಂಬಿ, ಜಿಬಿ ಅರ್ಥ ಮಾಡಿಕೊಂಡು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸು ಅಂತ. ಕೊನೆಯ ಸಾಲು ಒಟ್ಟು ಮೊತ್ತ. ಅತಿ ದೊಡ್ಡ ಫೋಲ್ಡರ್ ಅದರ ಮೇಲಿನ ಸಾಲಿಗೆ, ಅಂದರೆ ಕಣ್ಣೆದುರಿಗೇ, ಬಂದು ಕೂರುತ್ತದೆ. ಅದರೊಳಗೆ ಹೋಗಿ ಅದೇ ಸಾಲನ್ನು ಮತ್ತೆ ರನ್ ಮಾಡುತ್ತೇನೆ. ಹೀಗೆ ಒಳಕ್ಕೆ ಇಳಿಯುತ್ತಾ ಹೋದರೆ ಜಾಗ ತಿನ್ನುತ್ತಿರುವ ಫೋಲ್ಡರ್ ಸಾಮಾನ್ಯವಾಗಿ ಸಿಗುತ್ತದೆ.

ಈ ಪೈಪ್ ನನಗೆ ತುಂಬ ಇಷ್ಟ. ನೆಟ್ಟಗಿನ ಒಂದು ಗೆರೆ ಅಷ್ಟೇ. ಎಡಗಡೆಯ ಕಮಾಂಡ್ ಹೇಳಿದ್ದನ್ನು ಬಲಗಡೆಯದಕ್ಕೆ ದಾಟಿಸುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಹುಟ್ಟಿದಾಗ ಇದು ಇರಲಿಲ್ಲ. ಅಲ್ಲಿನ ಡಗ್ ಮೆಕಿಲ್‌ರಾಯ್ ಇದು ಬೇಕು ಅಂತ ಒತ್ತಾಯಿಸುತ್ತಲೇ ಇದ್ದರು, ಕೆನ್ ಥಾಂಪ್ಸನ್ 1973ರಲ್ಲಿ ಸೇರಿಸಿದರು. ಡಿಯುಗೆ ಜೋಡಿಸಲು ಬರುವುದಿಲ್ಲ, ಸಾರ್ಟ್‌ಗೆ ಡಿಸ್ಕ್ ಅಂದರೇನು ಅಂತ ಗೊತ್ತಿಲ್ಲ. ಆದರೂ ಎರಡೂ ಸೇರಿ ನನಗೆ ಬೇಕಾದ ಉತ್ತರ ಕೊಡುತ್ತವೆ. ಇಷ್ಟು ವರ್ಷವಾದರೂ ಈ ಯೋಚನೆ ಒಂಚೂರೂ ಹಳೆಯದಾಗಿಲ್ಲ.

ಒಂದು ಸಲ ಸರ್ವರಿನಲ್ಲಿ ಡಿಎಫ್ ನೂರಕ್ಕೆ ನೂರು ತುಂಬಿದೆ ಅಂದಿತು. ಡಿಯು ಕೊಟ್ಟ ಮೊತ್ತ ನೋಡಿದರೆ ಅರ್ಧವೂ ಇಲ್ಲ. ಎರಡೂ ಸರಿಯಾಗಿಯೇ ಹೇಳುತ್ತಿದ್ದವು. ಲಿನಕ್ಸ್‌ನಲ್ಲಿ ಫೈಲನ್ನು ಅಳಿಸಿದರೆ ಮೊದಲು ಹೋಗುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದುಕೊಂಡೇ ಇದ್ದರೆ, ಅದು ಬಿಡುವ ತನಕ ಜಾಗ ವಾಪಸ್ ಸಿಗುವುದಿಲ್ಲ. ಡಿಯು ಹೆಸರುಗಳನ್ನು ಹಿಡಿದು ಲೆಕ್ಕ ಹಾಕುತ್ತದೆ, ಹಾಗಾಗಿ ಅದಕ್ಕೆ ಆ ಫೈಲ್ ಕಾಣುವುದಿಲ್ಲ. ಡಿಎಫ್, ಡಿಸ್ಕಿನ ಜಾಗದ ಲೆಕ್ಕ ಇಡುವ ಫೈಲ್ ಸಿಸ್ಟಮನ್ನೇ ಕೇಳುತ್ತದೆ, ಅದಕ್ಕೆ ಗೊತ್ತಾಗುತ್ತದೆ. ಎಲ್‌ಎಸ್‌ಒಎಫ್ ಪ್ಲಸ್ ಕ್ಯಾಪಿಟಲ್ ಎಲ್ ಒಂದು ಅಂತ ಸುಡೋ ಹಾಕಿ, ಅಂದರೆ ಎಲ್ಲ ಹಕ್ಕೂ ಇರುವ ರೂಟ್ ಬಳಕೆದಾರನಾಗಿ, ಕೊಟ್ಟೆ. ಹೆಸರು ಹೋಗಿಯೂ ಯಾವುದೋ ಪ್ರೋಗ್ರಾಂ ಹಿಡಿದುಕೊಂಡಿರುವ ಫೈಲುಗಳ ಪಟ್ಟಿ ಬಂತು. ಅಳಿಸಿ ಹೋಗಿದ್ದ ಒಂದು ಲಾಗ್ ಫೈಲಿಗೆ (ನಡೆದದ್ದನ್ನು ದಾಖಲಿಸುವ ಫೈಲ್) ಒಂದು ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ, ಇನ್ನೂ ಬರೆಯುತ್ತಲೇ ಇತ್ತು. ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅಂತ ಆ ಸರ್ವಿಸ್ಸನ್ನು ಹೊಸದಾಗಿ ಶುರು ಮಾಡಿದ ಕೂಡಲೇ ಜಾಗ ಬಿಡುಗಡೆಯಾಯಿತು. ನೋಡುವ ಕಮಾಂಡ್‌ಗಳು ಮೂರು, ಬದಲಾಯಿಸಿದ್ದು ಒಂದೇ. ನಾನು ಮಾಡುವ ಹೆಚ್ಚಿನ ರಿಪೇರಿಗಳು ಈ ಅಳತೆಯಲ್ಲೇ ನಡೆಯುತ್ತವೆ.

ಡಿಎಫ್ ಜಾಗ ಇದೆ ಅನ್ನುತ್ತದೆ, ಫೈಲ್ ಬರೆಯಲು ಹೋದರೆ ಜಾಗ ಇಲ್ಲ ಅನ್ನುವುದೂ ಉಂಟು. ಆಗ ಡಿಎಫ್ ಮೈನಸ್ ಐ ನೋಡಬೇಕು. ಪ್ರತಿ ಫೈಲಿಗೂ ಒಂದು ಐನೋಡ್, ಅಂದರೆ ಅದರ ವಿವರ ಬರೆದಿಡುವ ದಾಖಲೆ, ಬೇಕು. ಉಬುಂಟುವಿನಲ್ಲಿ ಸಾಮಾನ್ಯವಾದ ಇಎಕ್ಸ್‌ಟಿ4 ಫೈಲ್ ಸಿಸ್ಟಮಿನಲ್ಲಿ ಐನೋಡ್‌ಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿರುತ್ತದೆ. ಚಿಕ್ಕ ಚಿಕ್ಕ ಫೈಲುಗಳು ಲಕ್ಷಗಟ್ಟಲೆ ಸೇರಿಕೊಂಡರೆ ಜಾಗ ಇದ್ದರೂ ಐನೋಡ್ ಖಾಲಿಯಾಗುತ್ತದೆ. ಒಟ್ಟು ಜಾಗದಿಂದ ಬಳಸಿದ್ದನ್ನು ಕಳೆದರೆ ಇನ್ನೂ ಉಳಿದಂತೆ ಕಂಡರೆ ಇನ್ನೊಂದು ಕಾರಣವೂ ಇರಬಹುದು. ಇಎಕ್ಸ್‌ಟಿ4 ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ ಅಂತ ಎತ್ತಿಡುತ್ತದೆ. ಡಿಸ್ಕ್ ತುಂಬಿದರೂ ರೂಟ್ ಒಳಗೆ ಬಂದು ಸರಿಪಡಿಸಲಿ ಎಂಬುದೂ ಅದರ ಉದ್ದೇಶಗಳಲ್ಲಿ ಒಂದು.

ಲ್ಯಾಪ್‌ಟಾಪಿನಲ್ಲಿ ನಾನು ಮೊದಲು ನೋಡುವ ಜಾಗಗಳು ಎರಡು. ಜರ್ನಲ್‌ಸಿಟಿಎಲ್‌ಗೆ ಡಿಸ್ಕ್ ಯೂಸೇಜ್ ಆಪ್ಷನ್ ಕೊಟ್ಟರೆ ಸಿಸ್ಟಮ್ ಲಾಗ್‌ಗಳು ಎಷ್ಟು ಜಾಗ ತಿಂದಿವೆ ಅಂತ ಹೇಳುತ್ತದೆ. ಜಾಸ್ತಿ ಇದ್ದರೆ ವ್ಯಾಕ್ಯೂಮ್ ಸೈಜ್ ಆಪ್ಷನ್ನಿಗೆ 500ಎಂ (ಎಂ ಕ್ಯಾಪಿಟಲ್) ಅಂತ ಕೊಟ್ಟು ಅಷ್ಟಕ್ಕೆ ಇಳಿಸಬಹುದು. ಎರಡನೆಯದು, ಇನ್‌ಸ್ಟಾಲ್‌ಗೆಂದು ಇಳಿಸಿಕೊಂಡ ಪ್ಯಾಕೇಜ್‌ಗಳ ಸಂಗ್ರಹ. ಎಪಿಟಿ ಕ್ಲೀನ್ ಅದನ್ನು ಖಾಲಿ ಮಾಡುತ್ತದೆ. ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಂಗಳಿಗೆ ಏನೂ ಆಗುವುದಿಲ್ಲ.

ಕಂಪ್ಯೂಟರ್ ನಿಧಾನ ಅನ್ನಿಸಿದರೆ ಟಾಪ್. ಮೇಲಿನ ಸಾಲಿನಲ್ಲಿ ಲೋಡ್ ಆವರೇಜ್ ಅಂತ ಮೂರು ಅಂಕಿ ಇರುತ್ತವೆ. ಅವು ಕಳೆದ 1, 5, 15 ನಿಮಿಷಗಳವು. ಆ ಅಂಕಿಯನ್ನು ಒಂಟಿಯಾಗಿ ನೋಡಿ ಪ್ರಯೋಜನವಿಲ್ಲ. ಎನ್‌ಪ್ರಾಕ್ ಕೊಟ್ಟು ಪ್ರೊಸೆಸರಿನಲ್ಲಿ ಒಟ್ಟಿಗೆ ಕೆಲಸ ಮಾಡುವ ಕೋರ್ ಎಷ್ಟಿವೆ ಅಂತ ತಿಳಿದುಕೊಂಡು ಹೋಲಿಸಬೇಕು. ನಾಲ್ಕು ಕೋರ್ ಇರುವಲ್ಲಿ ಲೋಡ್ ನಾಲ್ಕಿದ್ದರೆ ಎಲ್ಲ ಕೋರ್‌ಗೂ ಕೆಲಸ ಇರಬಹುದು, ಹನ್ನೆರಡಿದ್ದರೆ ಸರದಿ ಬೆಳೆದಿದೆ. ಲಿನಕ್ಸ್ ಈ ಲೆಕ್ಕಕ್ಕೆ ಡಿಸ್ಕಿಗಾಗಿ ಕಾಯುತ್ತಿರುವ ಪ್ರೋಗ್ರಾಂಗಳನ್ನೂ ಸೇರಿಸುತ್ತದೆ. ಅದಕ್ಕೇ ಲೋಡ್ ಜಾಸ್ತಿ ಇದ್ದು ಪ್ರೊಸೆಸರ್ ಮಾತ್ರ ಬಿಡುವಾಗಿ ಕಂಡರೆ, ನಾನು ಡಿಸ್ಕ್ ಕಡೆ ತಿರುಗುತ್ತೇನೆ. ಮೆಮೊರಿಗೆ ಫ್ರೀ ಮೈನಸ್ ಎಚ್. ಅಲ್ಲಿ ಫ್ರೀ ಎಂಬ ಕಾಲಂ ನೋಡಿ ಗಾಬರಿಯಾಗಬೇಡಿ. ಖಾಲಿ ಇರುವ ಮೆಮೊರಿಯನ್ನು ಲಿನಕ್ಸ್ ಕ್ಯಾಶ್‌ಗೆ, ಅಂದರೆ ಡಿಸ್ಕಿನಿಂದ ಓದಿದ್ದನ್ನು ಇಟ್ಟುಕೊಳ್ಳಲು, ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ ಕಾಲಂ ಅವೈಲಬಲ್.

ಒಂದು ಪ್ರೋಗ್ರಾಂ ಅಂಟಿಕೊಂಡು ಕೂತರೆ ಕಿಲ್ ಜೊತೆಗೆ ಅದರ ಪಿಐಡಿ, ಅಂದರೆ ಟಾಪ್‌ನಲ್ಲಿ ಕಾಣುವ ಅದರ ಗುರುತಿನ ಸಂಖ್ಯೆ, ಕೊಡುತ್ತೇನೆ. ಸುಮ್ನೆ ಕಿಲ್ ಅಂದರೆ ಹೋಗುವ ಸಿಗ್ನಲ್ 15. ಮುಗಿಸು ಅಂತ ವಿನಂತಿ ಇದ್ದ ಹಾಗೆ. ತೆರೆದ ಫೈಲ್ ಉಳಿಸಿ, ತಾತ್ಕಾಲಿಕ ಫೈಲ್ ಅಳಿಸಿ, ಅಚ್ಚುಕಟ್ಟಾಗಿ ಹೊರಡಲು ಪ್ರೋಗ್ರಾಂಗೆ ಸಮಯ ಸಿಗುತ್ತದೆ. ಕಿಲ್ ಮೈನಸ್ 9 ಹಾಗಲ್ಲ. ಪ್ರೋಗ್ರಾಂಗೆ ಒಂದು ಮಾತೂ ಹೇಳದೆ ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ತೆಗೆದುಹಾಕುತ್ತದೆ. ಡೇಟಾಬೇಸ್‌ಗಳ ಮೇಲೆ 9 ಬಳಸಲು ನನಗೆ ಮನಸ್ಸೇ ಬರುವುದಿಲ್ಲ. ಮೊದಲು 15, ಸ್ವಲ್ಪ ಹೊತ್ತು ಕಾಯುವುದು, ಬೇರೆ ದಾರಿಯೇ ಇಲ್ಲದಿದ್ದರೆ 9.

ಅನುಮತಿಗಳ ವಿಷಯ. ಎಲ್‌ಎಸ್ ಮೈನಸ್ ಎಲ್ ಕೊಟ್ಟಾಗ ಎಡಗಡೆ ಬರುವ ಆರ್, ಡಬ್ಲ್ಯೂ, ಎಕ್ಸ್ ಅಕ್ಷರಗಳಲ್ಲಿ ಎಲ್ಲ ಇದೆ. ಓದುವುದಕ್ಕೆ 4, ಬರೆಯುವುದಕ್ಕೆ 2, ಪ್ರೋಗ್ರಾಂ ಆಗಿ ರನ್ ಮಾಡುವುದಕ್ಕೆ 1. ಒಡೆಯನಿಗೆ, ಗುಂಪಿಗೆ, ಉಳಿದವರಿಗೆ ಅಂತ ಕ್ರಮವಾಗಿ ಮೂರು ಅಂಕಿ. 644 ಅಂದರೆ ಒಡೆಯ ಓದಿ ಬರೆಯಬಹುದು, ಮಿಕ್ಕವರು ಓದಬಹುದು ಅಷ್ಟೇ. ಯಾವುದೋ ಕೆಲಸ ಆಗುತ್ತಿಲ್ಲ ಅಂದ ಕೂಡಲೇ ಅನುಮತಿ ಬದಲಾಯಿಸುವ ಸಿಎಚ್‌ಮಾಡ್ 777 ಕೊಡಿ ಅನ್ನುವ ಸಲಹೆ ತುಂಬ ಕಡೆ ಸಿಗುತ್ತದೆ. ದಯವಿಟ್ಟು ಕೊಡಬೇಡಿ. ಅದು ಎಲ್ಲರಿಗೂ ಎಲ್ಲ ಹಕ್ಕು ಕೊಟ್ಟಂತೆ, ಮೂಲ ತೊಂದರೆ ಏನಿತ್ತು ಅನ್ನುವುದೂ ಮುಚ್ಚಿಹೋಗುತ್ತದೆ. ಆ ಪ್ರೋಗ್ರಾಂ ಯಾವ ಬಳಕೆದಾರನ ಹೆಸರಲ್ಲಿ ನಡೆಯುತ್ತಿದೆ ಅಂತ ಪಿಎಸ್‌ನಲ್ಲಿ ನೋಡಿ, ಫೈಲಿನ ಒಡೆಯ ಯಾರು ಅಂತ ಎಲ್‌ಎಸ್‌ನಲ್ಲಿ ನೋಡಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಒಡೆಯನ ಹೆಸರು ತಪ್ಪಿರುತ್ತದೆ, ಒಡೆಯನನ್ನು ಬದಲಾಯಿಸುವ ಒಂದು ಸಿಎಚ್‌ಓನ್‌ನಲ್ಲಿ ಸರಿಹೋಗುತ್ತದೆ.

ಇನ್ನು ಫೈಲ್ ಅಳಿಸುವ ಆರ್‌ಎಂ. ಇಲ್ಲಿ ಕಸದ ಬುಟ್ಟಿ ಇಲ್ಲ, ಅಳಿಸಿದ್ದನ್ನು ವಾಪಸ್ ತರುವ ಕಮಾಂಡೂ ಇಲ್ಲ. ಅದಕ್ಕೆ ನಾನು ಇಟ್ಟುಕೊಂಡ ಪದ್ಧತಿ ಹೀಗಿದೆ. ನಕ್ಷತ್ರ ಚಿಹ್ನೆ ಬಳಸಿ ಹಲವು ಫೈಲ್ ಅಳಿಸಬೇಕಿದ್ದರೆ, ಮೊದಲು ಅದೇ ಸಾಲನ್ನು ಎಲ್‌ಎಸ್ ಹಾಕಿ ರನ್ ಮಾಡುತ್ತೇನೆ. ಬಂದ ಪಟ್ಟಿಯನ್ನು ನಿಧಾನವಾಗಿ ಓದುತ್ತೇನೆ. ಸರಿ ಅನ್ನಿಸಿದರೆ ಮೇಲಿನ ಬಾಣದ ಕೀ ಒತ್ತಿ, ಎಲ್‌ಎಸ್ ಜಾಗಕ್ಕೆ ಆರ್‌ಎಂ ಹಾಕುತ್ತೇನೆ. ಫೈಲ್ ಹುಡುಕುವ ಫೈಂಡ್‌ಗೂ ಇದೇ ಕ್ರಮ, ಡಿಲೀಟ್ ಆಪ್ಷನ್ ಇಲ್ಲದೆ ಒಮ್ಮೆ, ಆಮೇಲೆ ಅದನ್ನು ಕೊನೆಯಲ್ಲಿ ಸೇರಿಸಿ. ಆ ಆಪ್ಷನ್ ಷರತ್ತಿಗಿಂತ ಮೊದಲು ಬಂದುಬಿಟ್ಟರೆ ಷರತ್ತು ನೋಡುವ ಮುಂಚೆಯೇ ಅಳಿಸಿಬಿಡುತ್ತದೆ. ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್‌ಗೆ ಮೈನಸ್ ಎನ್‌ವಿ ಕೊಟ್ಟರೆ ಮಾಡುವುದನ್ನು ಮಾಡಿದಂತೆ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಬದಲಾಯಿಸುವ ಕಮಾಂಡ್‌ಗಳನ್ನು ಬರೆದವರೇ ಎಷ್ಟೋ ಕಡೆ ಹೀಗೆ ನೋಡುವ ಬಾಗಿಲೊಂದನ್ನು ಇಟ್ಟಿದ್ದಾರೆ. ಹುಡುಕಿ ಬಳಸಬೇಕು, ಅಲ್ವಾ?

ಅಪ್‌ಡೇಟ್‌ನಲ್ಲೂ ಆ ಬಾಗಿಲು ಇದೆ. ಎಪಿಟಿ ಅಪ್‌ಡೇಟ್ ಪ್ಯಾಕೇಜ್‌ಗಳ ಪಟ್ಟಿಯನ್ನು ಮಾತ್ರ ಹೊಸದು ಮಾಡುತ್ತದೆ, ಪ್ರೋಗ್ರಾಂಗಳನ್ನು ಬದಲಾಯಿಸುವುದು ಅಪ್‌ಗ್ರೇಡ್. ಅವೆರಡರ ನಡುವೆ ಅಪ್‌ಗ್ರೇಡ್‌ಗೆ ಮೈನಸ್ ಎಸ್ ಕೊಟ್ಟು ಏನೇನು ಬದಲಾಗಲಿದೆ ಅಂತ ಓದುತ್ತೇನೆ. ಮುಗಿದ ಮೇಲೆ ಸಿಸ್ಟಮ್‌ಸಿಟಿಎಲ್‌ಗೆ ಫೇಲ್ಡ್ ಆಪ್ಷನ್ ಕೊಟ್ಟು ಯಾವ ಸರ್ವಿಸ್ ಬಿದ್ದಿದೆ ಅಂತ ನೋಡುತ್ತೇನೆ. ಬಿದ್ದಿದ್ದರೆ ಜರ್ನಲ್‌ಸಿಟಿಎಲ್ ಮೈನಸ್ ಯು ಜೊತೆಗೆ ಆ ಸರ್ವಿಸ್ಸಿನ ಹೆಸರು. ಬಿದ್ದ ಕಾರಣ ಸಾಮಾನ್ಯವಾಗಿ ಕೊನೆಯ ಕೆಲವು ಸಾಲುಗಳಲ್ಲಿ ಇರುತ್ತದೆ.

ಈಗ ಪದೇ ಪದೇ ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಫೈಲಿಗೆ ಬರೆದು, ಸಿಎಚ್‌ಮಾಡ್ ಪ್ಲಸ್ ಎಕ್ಸ್ ಕೊಟ್ಟು ಸ್ಕ್ರಿಪ್ಟ್ ಮಾಡಿಕೊಂಡಿದ್ದೇನೆ. ಡಿಎಫ್‌ನ ಎರಡೂ ರೂಪ, ಫ್ರೀ, ಲೋಡ್, ಬಿದ್ದ ಸರ್ವಿಸ್‌ಗಳು, ರೀಬೂಟ್ ಬೇಕೇ ಅಂತ ಹೇಳುವ ಫೈಲ್ ಇದೆಯೋ ಇಲ್ಲವೋ, ಇಷ್ಟೇ. ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಇದನ್ನು ಬೆಳಿಗ್ಗೆ ರನ್ ಮಾಡಿ ಫಲಿತಾಂಶವನ್ನು ಒಂದು ಲಾಗ್ ಫೈಲಿಗೆ ಹಾಕುತ್ತದೆ. ಕ್ರಾನ್ ಬಳಸುವವರಿಗೆ ಒಂದು ಮಾತು. ಕ್ರಾನ್‌ಟ್ಯಾಬ್ ಮೈನಸ್ ಇ ಅಂದರೆ ಕ್ರಾನ್ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ತಿದ್ದುವುದು, ಮೈನಸ್ ಆರ್ ಅಂದರೆ ಇಡೀ ಪಟ್ಟಿಯನ್ನು ಕೇಳದೆ ಅಳಿಸುವುದು. ಕೀಬೋರ್ಡಿನಲ್ಲಿ ಇ ಮತ್ತು ಆರ್ ಅಕ್ಕಪಕ್ಕ ಇವೆ. ಹಾಗಾಗಿ ತಿದ್ದುವ ಮುಂಚೆ ಮೈನಸ್ ಎಲ್ ಕೊಟ್ಟು ಪಟ್ಟಿಯ ಒಂದು ಪ್ರತಿಯನ್ನು ಬೇರೆ ಫೈಲಿಗೆ ಉಳಿಸಿಕೊಳ್ಳುತ್ತೇನೆ. ನನ್ನ ಆ ಸ್ಕ್ರಿಪ್ಟಿನಲ್ಲಿ ನೋಡುವ ಕಮಾಂಡ್‌ಗಳು ಮಾತ್ರ ಇವೆ. ಬದಲಾಯಿಸುವ ಒಂದನ್ನೂ ಅದಕ್ಕೆ ಸೇರಿಸಿಲ್ಲ. ಅವನ್ನು ಲಾಗ್ ಓದಿದ ಮೇಲೆ ನಾನೇ ಕೂತು ಟೈಪ್ ಮಾಡುತ್ತೇನೆ.