ಚಳಿಗಾಲದ ರಾತ್ರಿ ಕರೆಂಟ್ ಹೋದರೆ ಅಕ್ವೇರಿಯಂ ಮೀನಿಗೆ ಏನು ಮಾಡಬೇಕು

ಕೊಪ್ಪಳದಂಥ ಬಿಸಿಲೂರಿನಲ್ಲಿ ಮೀನಿಗೆ ಹೀಟರ್ ಯಾಕೆ ಬೇಕು ಅಂತ ಕೇಳುವವರೇ ಜಾಸ್ತಿ. ಬೇಸಿಗೆಗೆ ಆ ಮಾತು ಸರಿ. ಎಳ್ಳು ಅಮಾವಾಸ್ಯೆಯಿಂದ ಗವಿಮಠದ ಜಾತ್ರೆ ಮುಗಿಯುವ ತನಕದ ದಿನಗಳ ಲೆಕ್ಕವೇ ಬೇರೆ. ಹಗಲು 30 ಡಿಗ್ರಿ ಹತ್ತಿರ ಇದ್ದದ್ದು ಬೆಳಗಿನ ಜಾವಕ್ಕೆ 15–16ಕ್ಕೆ ಇಳಿಯುತ್ತದೆ. ನಮಗೆ ಹೊದೆಯಲು ಕೌದಿ ಇದೆ. ಗಪ್ಪಿ, ಏಂಜೆಲ್, ನಿಯಾನ್ ಟೆಟ್ರಾ, ಫೈಟರ್ ಇವೆಲ್ಲ ದಕ್ಷಿಣ ಅಮೆರಿಕ, ಥಾಯ್ಲೆಂಡ್ ಕಡೆಯ ಬೆಚ್ಚನೆ ನೀರಿನ ಮೀನುಗಳು. ಇವುಗಳ ಮೈಗೆ ಸ್ವಂತ ಬಿಸಿ ಇಲ್ಲ, ನೀರು ಎಷ್ಟು ಬೆಚ್ಚಗಿದೆಯೋ ಮೈಯೂ ಅಷ್ಟೇ. 24ರಿಂದ 27 ಡಿಗ್ರಿ ಇದ್ದರೆ ಚೆನ್ನಾಗಿ ಓಡಾಡಿಕೊಂಡಿರುತ್ತವೆ. ಡಿಸ್ಕಸ್ ಸಾಕಿದವರಿಗೆ 28ಕ್ಕಿಂತ ಕಡಿಮೆ ಆಗಲೇಬಾರದು. ಗೋಲ್ಡ್ ಫಿಶ್ ಮಾತ್ರ ತಣ್ಣೀರಿನ ಜಾತಿ, ಅದಕ್ಕೆ ನಮ್ಮ ಚಳಿ ಏನೂ ಮಾಡುವುದಿಲ್ಲ.

ಕರೆಂಟ್ ಹೋಯಿತು ಅಂದ ಕೂಡಲೇ ಎಲ್ಲರೂ ಚಳಿಗೆ ಹೆದರುತ್ತಾರೆ. ನಾನು ಹೇಳುವುದು, ಮೊದಲು ಉಸಿರು ನೋಡಿ, ಚಳಿ ಆಮೇಲೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರು ಒಮ್ಮೆಲೇ ತಣ್ಣಗಾಗುವುದಿಲ್ಲ. ಬಾಗಿಲು ಕಿಟಕಿ ಹಾಕಿದ ಮನೆಯೊಳಗೆ ಗಂಟೆಗೆ ಅರ್ಧ ಡಿಗ್ರಿ ಆಸುಪಾಸು ಇಳಿಯುತ್ತದೆ, ಅಷ್ಟೇ. ಆದರೆ ಪಂಪ್ ನಿಂತರೆ, ಮೀನು ಕಿಕ್ಕಿರಿದ ಟ್ಯಾಂಕಿನಲ್ಲಿ ಗಂಟೆ ಎರಡು ಗಂಟೆಯಲ್ಲೇ ಆಮ್ಲಜನಕ ಕಡಿಮೆಯಾಗುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದೇ ಗುರುತು. ಫೈಟರ್, ಗೌರಾಮಿ ಮಾತ್ರ ಯಾವಾಗಲೂ ಮೇಲೆ ಬಂದು ಗಾಳಿ ಕುಡಿಯುವ ಜಾತಿ, ಅವನ್ನು ನೋಡಿ ಗಾಬರಿ ಬೇಡ.

ಹಾಗಾಗಿ ಹಗಲಿನ ಪವರ್ ಕಟ್‌ಗೂ ರಾತ್ರಿಯದಕ್ಕೂ ವ್ಯತ್ಯಾಸ ಇದೆ. ಲೈನ್ ದುರಸ್ತಿ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ತೆಗೆದರೆ ಹೊದಿಸುವ ಕೆಲಸವೇ ಬೇಡ, ಗಾಳಿ ಕೊಟ್ಟರೆ ಸಾಕು. ರಾತ್ರಿ ಹೋದರೆ ಎರಡೂ ನೋಡಬೇಕು.

ಗಾಳಿಗೆ ಅತಿ ಸುಲಭದ ದಾರಿ ಚೊಂಬು. ಟ್ಯಾಂಕಿನ ನೀರನ್ನೇ ಮೊಗೆದು ಒಂದು ಗೇಣು ಮೇಲಿಂದ ಮತ್ತೆ ಅದಕ್ಕೇ ಸುರಿಯಿರಿ. ಸಣ್ಣ ಗುಳ್ಳೆ ಏಳಬೇಕು, ತಳದ ಕಸ ಏಳಬಾರದು. ಕಾಲು ಗಂಟೆಗೊಮ್ಮೆ ಎರಡು ಮೂರು ನಿಮಿಷ ಹೀಗೆ ಮಾಡಿದರೆ ಆಯಿತು. ಚೊಂಬು ಸ್ಟೀಲಿನದೋ ಪ್ಲಾಸ್ಟಿಕ್ಕಿನದೋ ಇರಲಿ. ತಾಮ್ರದ ಪಾತ್ರೆ ಟ್ಯಾಂಕಿಗೆ ಮುಟ್ಟಿಸಲೇಬೇಡಿ, ನಮಗೆ ಒಳ್ಳೆಯದಾದ ತಾಮ್ರ ಮೀನಿಗೆ ವಿಷ. ರಾತ್ರಿಯೆಲ್ಲಾ ಹೀಗೆ ಕೂರಲು ಆಗುವುದಿಲ್ಲವಲ್ಲ, ಅದಕ್ಕೆ ಪವರ್ ಬ್ಯಾಂಕ್‌ಗೆ ಚುಚ್ಚುವ ಸಣ್ಣ ಏರ್ ಪಂಪ್ ಒಂದು ತಂದಿಡಿ. ಮೀನು ಸಾಕುವವರ ಮನೆಯಲ್ಲಿ ಹೀಟರ್‌ಗಿಂತ ಮೊದಲು ಇರಬೇಕಾದದ್ದು ಅದು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಏರ್ ಪಂಪನ್ನು ಧಾರಾಳವಾಗಿ ಹಾಕಿ, ಮೂರು ನಾಲ್ಕು ವ್ಯಾಟ್ ಏನೂ ಲೆಕ್ಕಕ್ಕಿಲ್ಲ. ಹೀಟರ್ ಹಾಗಲ್ಲ. 100 ವ್ಯಾಟ್ ಹೀಟರ್ ರಾತ್ರಿಯೆಲ್ಲಾ ಉರಿದರೆ ಬ್ಯಾಟರಿ ಖಾಲಿಯಾಗಿ, ಬೆಳಗಿನ ಜಾವ ನಿಜವಾದ ಚಳಿ ಬಿದ್ದಾಗ ಪಂಪೂ ನಿಂತಿರುತ್ತದೆ. ಹೀಟರಿನ ಪ್ಲಗ್ ತೆಗೆದುಬಿಡಿ. ನೀರಿನ ಮಟ್ಟ ಇಳಿದು ಹೀಟರಿನ ಗಾಜು ಹೊರಗೆ ಕಾಣುತ್ತಿದ್ದಾಗ ಕರೆಂಟ್ ಬಂದರೆ ಆ ಗಾಜು ಸೀಳುತ್ತದೆ, ಅದಕ್ಕೂ ತೆಗೆದಿಡುವುದೇ ಕ್ಷೇಮ.

ಏರ್ ಪಂಪ್ ಟ್ಯಾಂಕಿಗಿಂತ ಕೆಳಗೆ ಇಟ್ಟಿದ್ದೀರಾ? ಹೋಗಿ ಆ ಪೈಪು ನೋಡಿ. ಪಂಪ್ ನಿಂತಾಗ ನೀರು ಅದರೊಳಗೆ ಹಿಂದಕ್ಕೆ ಇಳಿಯುತ್ತದೆ, ಇಳಿದು ಇಳಿದು ಪಂಪಿನೊಳಗೂ, ಅಲ್ಲಿಂದ ಪ್ಲಗ್ ಬೋರ್ಡಿಗೂ ಹೋಗುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಆಗದಿದ್ದರೆ ಪೈಪಿನ ನಡುವೆ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿ. ಮೀನಿನ ಅಂಗಡಿಯಲ್ಲಿ ಸಿಗುವ ಸಣ್ಣ ಸಾಮಾನು, ದುಬಾರಿ ಏನಲ್ಲ.

ಇನ್ನು ಚಳಿ. ನಮ್ಮ ಕಡೆ ಟ್ಯಾಂಕ್ ಕೂರಿಸುವುದೇ ಕಡಪ ಕಲ್ಲಿನ ಕಟ್ಟೆ ಮೇಲೆ. ಆ ಕಲ್ಲು ರಾತ್ರಿ ಕೈ ಇಟ್ಟರೆ ಜುಮ್ ಅನ್ನುತ್ತದೆ, ತಳದಿಂದ ಬಿಸಿ ಎಳೆಯುತ್ತಲೇ ಇರುತ್ತದೆ. ಟ್ಯಾಂಕ್ ಇಡುವಾಗಲೇ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ. ಹಿಂದೆ ಮತ್ತು ಪಕ್ಕಗಳಿಗೂ ಚಳಿಗಾಲ ಮುಗಿಯುವ ತನಕ ಒಂದೊಂದು ಹಾಳೆ ಒರಗಿಸಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಕರೆಂಟ್ ಹೋದ ರಾತ್ರಿ ಸುತ್ತಲೂ ಕೌದಿಯೋ ಕಂಬಳಿಯೋ ಸುತ್ತಿ. ಮೇಲೆ ಪೂರ್ತಿ ಮುಚ್ಚಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಫೈಟರ್ ಇಟ್ಟ ಐದು ಲೀಟರಿನ ಬೌಲ್ ಬಲು ಬೇಗ ತಣ್ಣಗಾಗುತ್ತದೆ, ಅದನ್ನು ಮೊದಲು ಸುತ್ತಿ.

ಹೀಗೆ ಸುತ್ತಿದ ಮೇಲೂ 22ಕ್ಕಿಂತ ಕೆಳಗೆ ಹೋದರೆ ಬಿಸಿನೀರಿನ ಬಾಟಲಿ ಇಳಿಬಿಡಿ. ಬಚ್ಚಲ ಹಂಡೆಯ ನೀರೇ ಆಗುತ್ತದೆ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಬಾಟಲಿ ಮುದುಡುತ್ತದೆ. ಮುಚ್ಚಳ ಬಿಗಿಮಾಡಿ, ಹೊರಗೆಲ್ಲಾ ತೊಳೆದು ಬಿಡಿ. 60 ಡಿಗ್ರಿ ಬಿಸಿಯ ಒಂದು ಲೀಟರ್ ಬಾಟಲಿ ನಾನು ಹೇಳಿದ ಅಳತೆಯ ಟ್ಯಾಂಕಿನಲ್ಲಿ ಮುಕ್ಕಾಲು ಡಿಗ್ರಿಯೂ ಏರಿಸುವುದಿಲ್ಲ. ಆದ್ದರಿಂದ ಒಂದು ಆರಿದ ಮೇಲೆ ಇನ್ನೊಂದು, ನಿಧಾನಕ್ಕೆ ಆಗಲಿ. ಗಂಟೆಗೆ ಒಂದು ಡಿಗ್ರಿಗಿಂತ ಬೇಗ ಏರಿಸಬಾರದು. ಥರ್ಮಾಸ್ ಬಾಟಲಿ ಬಿಟ್ಟು ಪ್ರಯೋಜನ ಇಲ್ಲ, ಬಿಸಿ ಒಳಗೇ ಉಳಿಯುತ್ತದೆ.

ಬಿಸಿನೀರನ್ನು ನೇರ ಟ್ಯಾಂಕಿಗೆ ಸುರಿಯುವುದು ಮಾತ್ರ ಬೇಡವೇ ಬೇಡ. ಬೋರಿನ ನೀರು ಚಳಿಗಾಲದಲ್ಲಿ ಬೆಚ್ಚಗೆ ಬರುತ್ತದೆ ಅಲ್ವಾ, ಅದನ್ನು ಸುರಿಯೋಣ ಅನಿಸಬಹುದು. ಆಗಷ್ಟೇ ನೆಲದೊಳಗಿಂದ ಬಂದ ಆ ನೀರಿನಲ್ಲಿ ಆಮ್ಲಜನಕ ಕಡಿಮೆ, ನಮ್ಮ ಕಡೆ ಗಡಸೂ ಜಾಸ್ತಿ.

ಫ್ಯಾನ್ ಇಲ್ಲ ಅಂತ ಸೊಳ್ಳೆ ಬತ್ತಿ ಹಚ್ಚುತ್ತೀರಿ, ಸ್ಪ್ರೇ ಹೊಡೆಯುತ್ತೀರಿ. ದಯವಿಟ್ಟು ಮೀನಿರುವ ಕೋಣೆಯಲ್ಲಿ ಬೇಡ. ಸೊಳ್ಳೆ ಕೊಲ್ಲುವ ಆ ಔಷಧಿ ಮೀನಿಗೆ ಇನ್ನೂ ಕೆಟ್ಟದ್ದು, ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಕೋಣೆ ಬೆಚ್ಚಗಾಗಲಿ ಅಂತ ಬಾಗಿಲು ಹಾಕಿಕೊಂಡು ಇದ್ದಿಲು ಒಲೆ ಇಟ್ಟುಕೊಳ್ಳುವುದಂತೂ ಬೇಡ, ಅದರಿಂದ ಏಳುವ ವಿಷಗಾಳಿ ಮನುಷ್ಯರ ಜೀವಕ್ಕೇ ಅಪಾಯ.

ಆ ರಾತ್ರಿ ಕಾಳು ಹಾಕಬೇಡಿ, ಮರುದಿನ ಬೆಳಿಗ್ಗೆಯೂ ಬೇಡ. ತಿಂದದ್ದು ಅರಗಲು ಆಮ್ಲಜನಕ ಬೇಕು, ತಿನ್ನದೇ ಉಳಿದದ್ದು ಕೊಳೆಯುತ್ತದೆ. ಬೆಳೆದ ಮೀನು ಎರಡು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಮಕ್ಕಳು ಪಾಪ ಅಂತ ಸುಮ್ನೆ ಚಿಟಿಕೆ ಹಾಕಿಬಿಡುತ್ತಾರೆ, ಡಬ್ಬಿ ಎತ್ತಿಡಿ.

ಕರೆಂಟ್ ಬಂದ ಮೇಲೆ ವೋಲ್ಟೇಜ್ ಒಂದೇ ಸಮ ಆಗುವ ತನಕ ಕಾಯಿರಿ. ನಾಲ್ಕೈದು ಗಂಟೆ ಹೋಗಿದ್ದರೆ ಫಿಲ್ಟರ್ ಹಾಗೇ ಹಾಕಬೇಡಿ, ಅದರಲ್ಲೂ ಮುಚ್ಚಿದ ಡಬ್ಬಿಯ ಫಿಲ್ಟರ್. ಒಳಗೆ ನಿಂತ ನೀರು ಕೆಟ್ಟಿರುತ್ತದೆ, ವಾಸನೆಯೇ ಹೇಳುತ್ತದೆ. ಟ್ಯಾಂಕಿನ ನೀರನ್ನೇ ಬಕೆಟ್ಟಿಗೆ ತೆಗೆದು ಅದರಲ್ಲಿ ಸ್ಪಂಜ್ ಹಿಂಡಿ. ನಲ್ಲಿ ನೀರಿನ ಕ್ಲೋರಿನ್ ಸ್ಪಂಜಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆಮೇಲೆ ಹೀಟರ್ ಮುಳುಗಿದೆಯಾ ನೋಡಿ ಹಾಕಿ.

ಮುಂದಿನ ವಾರವೆಲ್ಲಾ ರೆಕ್ಕೆ, ಮೈ ನೋಡುತ್ತಿರಿ. ಚಳಿ ತಿಂದ ಮೀನಿಗೆ ಉಪ್ಪಿನ ಹರಳು ಅಂಟಿದ ಹಾಗೆ ಬಿಳಿ ಚುಕ್ಕೆ ಏಳುತ್ತದೆ, ಮೈಯನ್ನು ಕಲ್ಲಿಗೆ ಉಜ್ಜುತ್ತದೆ. ಆಗ ದಿನಕ್ಕೆ ಒಂದೆರಡು ಡಿಗ್ರಿಯಂತೆ 29–30ರ ತನಕ ಏರಿಸಿ, ಗಾಳಿ ಜಾಸ್ತಿ ಮಾಡಿ, ಬಿಸಿ ನೀರಿನಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. ಐದು ಲೀಟರಿಗೆ ಒಂದು ಸಣ್ಣ ಚಮಚ ಕಲ್ಲುಪ್ಪು ಬೇರೆ ನೀರಿನಲ್ಲಿ ಕರಗಿಸಿ, ಒಂದೇ ಸಲ ಹಾಕದೆ ದಿನವಿಡೀ ಸ್ವಲ್ಪ ಸ್ವಲ್ಪ ಸೇರಿಸಿ. ತಳದಲ್ಲಿ ಓಡಾಡುವ ಕೋರಿ, ಲೋಚ್ ಮೀನುಗಳಿಗೂ ಗಿಡಗಳಿಗೂ ಉಪ್ಪು ಒಗ್ಗುವುದಿಲ್ಲ, ಅವು ಇದ್ದರೆ ಚುಕ್ಕೆ ಎದ್ದ ಮೀನನ್ನು ಬೇರೆ ಬಕೆಟ್ಟಿನಲ್ಲಿ ಗಾಳಿ ಕೊಟ್ಟು ಇಟ್ಟು ನೋಡಿಕೊಳ್ಳಿ.