ಗೋಡೆ ಮೇಲೆ ಕೂತ ಪತಂಗದ ಹೆಸರು ಪತ್ತೆ ಮಾಡುವುದು ಹೇಗೆ?

ಮುಂಗಾರು ಹಿಡಿಯಿತೆಂದರೆ ಜಗಲಿ ದೀಪಕ್ಕೆ ಬಂದ ಪತಂಗಗಳ ಫೋಟೊಗಳು ನನ್ನ ವಾಟ್ಸ್ಆ್ಯಪಿಗೆ ಬರತೊಡಗುತ್ತವೆ. ‘ಇದು ಯಾವುದು?’ ಎಂದು ಕೇಳಿರುತ್ತಾರೆ. ಎಷ್ಟೋ ಸಲ ಹೇಳಲು ಆಗುವುದಿಲ್ಲ. ಪತಂಗ ಅಪರೂಪದ್ದು ಅಂತಲ್ಲ, ಬೇಕಾದ ಗುರುತೇ ಫೋಟೊದಲ್ಲಿ ಬಿದ್ದಿರುವುದಿಲ್ಲ.

ಮೊದಲಿಗೆ, ಮುಟ್ಟಬೇಡಿ. ಬೆರಳಿಗೆ ಅಂಟುವ ಪುಡಿಯೆಲ್ಲ ರೆಕ್ಕೆಯ ಸಣ್ಣ ಸಣ್ಣ ಹುರುಪೆಗಳು. ಅವು ಉದುರಿದರೆ ಚಿತ್ತಾರವೂ ಹೋಯಿತು.

ಆಮೇಲೆ ಮೀಸೆ ನೋಡಿ. ತುದಿಯಲ್ಲಿ ಗುಂಡು ಇದ್ದರೆ ಚಿಟ್ಟೆ. ದಾರದ ಹಾಗೋ ಗರಿಯ ಹಾಗೋ ಇದ್ದರೆ ಪತಂಗ. ಹಗಲು ಹಾರುವ ಪತಂಗಗಳೂ ಇವೆ, ಹೊತ್ತು ನೋಡಿ ತೀರ್ಮಾನಿಸಬೇಡಿ.

ಜನ ಎಡವುವುದು ಇಲ್ಲಿಂದ ಮುಂದೆ. ಎಲ್ಲರೂ ಬಣ್ಣದಿಂದ ಶುರು ಮಾಡುತ್ತಾರೆ. ಹಳತಾದ ಪತಂಗದ ಬಣ್ಣ ಮಾಸಿರುತ್ತದೆ, ಫ್ಲ್ಯಾಶ್ ಬೆಳಕಿನಲ್ಲಿ ಬೇರೆಯೇ ಕಾಣುತ್ತದೆ. ಬಣ್ಣ ಬಿಟ್ಟು ಕೂತ ಭಂಗಿ ನೋಡಿ. ಮೈ ಸಣಕಲು, ನಾಲ್ಕೂ ರೆಕ್ಕೆ ಗೋಡೆಗೆ ಅಂಟಿಸಿದಂತೆ ಚಪ್ಪಟೆ ಇದ್ದರೆ ಬಹುತೇಕ ಜಿಯೋಮೆಟ್ರಿಡೇ ಕುಟುಂಬ. ಬೆನ್ನು ಬಾಗಿಸಿ ಗೇಣು ಹಾಕಿದಂತೆ ನಡೆಯುವ ಹುಳುಗಳು ಇವುಗಳ ಮರಿಗಳು. ರೆಕ್ಕೆ ಮನೆಯ ಮಾಡಿನಂತೆ ಇಳಿಜಾರಾಗಿದ್ದು, ಮುಂದಿನ ರೆಕ್ಕೆಯಲ್ಲಿ ಒಂದು ದುಂಡು ಮಚ್ಚೆ, ಅದರಾಚೆ ಗೋಡಂಬಿಯಾಕಾರದ ಇನ್ನೊಂದು ಇದ್ದರೆ ನಾಕ್ಟುಯಿಡೇ ಇರಬಹುದು. ದಪ್ಪ ಮೈ ಬಾಲದ ಕಡೆಗೆ ಚೂಪಾಗಿ, ಉದ್ದನೆಯ ಕಿರಿದಾದ ರೆಕ್ಕೆ ಹಿಂದಕ್ಕೆ ಓರೆಯಾಗಿದ್ದರೆ ಸ್ಫಿಂಜಿಡೇ, ಅಂದರೆ ಹಾಕ್ ಮಾತ್.

ಈಗ ಆ ಹಾಕ್ ಮಾತ್ ಹಸಿರಾಗಿದೆ ಎಂದುಕೊಳ್ಳಿ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್ ತಕ್ಷಣ ‘ಡಾಫ್ನಿಸ್ ನೀರಿಯೈ’ ಎನ್ನುತ್ತದೆ. ಇದರ ಮರಿಹುಳು ಕಣಗಿಲೆ, ನಂದಿಬಟ್ಟಲಿನ ಎಲೆ ತಿನ್ನುತ್ತದೆ. ಅಲ್ಲಿಗೇ ನಿಲ್ಲಬೇಡಿ. ಫೋಟೊ ದೊಡ್ಡದು ಮಾಡಿ ಮುಂದಿನ ರೆಕ್ಕೆಯ ತುತ್ತತುದಿ ನೋಡಿ. ಅಲ್ಲೊಂದು ಪುಟ್ಟ ಬಿಳಿ ಚುಕ್ಕೆ ಇದ್ದರೆ ಅದು ‘ಡಾಫ್ನಿಸ್ ಹೈಪೊಥಸ್’, ಬಣ್ಣವೂ ಕೊಂಚ ಗಾಢ. ಸಾಸಿವೆಯಷ್ಟಿರುವ ಆ ಚುಕ್ಕೆಗಾಗಿಯೇ ಫೋಟೊ ಸ್ಪಷ್ಟವಾಗಿರಬೇಕು. ಫ್ಲ್ಯಾಶ್ ಬೇಡ, ಪಕ್ಕದಿಂದ ಟಾರ್ಚ್ ಹಿಡಿಸಿ. ನೇರವಾಗಿ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹತ್ತಿರ ಸ್ಕೇಲ್ ಹಿಡಿದು ಇನ್ನೊಂದು ತೆಗೆಯಿರಿ. ಫೋನಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೊ ಲೆನ್ಸ್‌ಗೆ ದುಡ್ಡು ಹಾಕಬೇಡಿ. ಅದರಲ್ಲಿ ನಡುವಷ್ಟೇ ಚೊಕ್ಕವಾಗಿ ಬಂದು ಅಂಚು ಕಲಸಿಹೋಗುತ್ತದೆ, ನಮಗೆ ಬೇಕಾದದ್ದು ಅಂಚೇ.

ಊರು, ತಾರೀಕು, ಹೊತ್ತು ಬರೆದಿಡಿ. ಅಂಗೈಗಿಂತ ಅಗಲದ ಅಟ್ಲಾಸ್ ಪತಂಗ ಕಂಡರೆ ಎಲ್ಲರೂ ‘ಅಟ್ಯಾಕಸ್ ಅಟ್ಲಾಸ್’ ಎಂದು ಬರೆಯುತ್ತಾರೆ. ದಕ್ಷಿಣ ಭಾರತ, ಶ್ರೀಲಂಕಾದ್ದು ‘ಅಟ್ಯಾಕಸ್ ಟಾಪ್ರೊಬೇನಿಸ್’. ಊರಿನ ಹೆಸರಿದ್ದರೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕೊನೆಗೆ ಫೋಟೊವನ್ನು, ಜೀವಿಗಳ ಹೆಸರು ಪತ್ತೆಗೆ ನೆರವಾಗುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ, ‘ಮೋತ್ಸ್ ಆಫ್ ಇಂಡಿಯಾ’ ಜಾಲತಾಣದ ಚಿತ್ರಗಳ ಜೊತೆ ಹೋಲಿಸಿ. ಕೆಲವು ಪತಂಗಗಳ ಜಾತಿ ಹೇಳಲು ಸೂಕ್ಷ್ಮದರ್ಶಕದಡಿ ಜನನಾಂಗ ಬಿಡಿಸಿ ನೋಡಲೇಬೇಕು. ಅಂಥದ್ದಕ್ಕೆ ಕುಟುಂಬದ ಹೆಸರಷ್ಟೇ ಬರೆದು ನಿಲ್ಲಿಸಿ. ಊಹೆಯ ಹೆಸರು ಬರೆದರೆ ಮುಂದೆ ನೋಡುವವರೂ ಅದನ್ನೇ ನಂಬುತ್ತಾರೆ. ಬೆಳಿಗ್ಗೆ ಅಂಗಳದ ಕಣಗಿಲೆಯಲ್ಲಿ, ಕತ್ತಿನ ಹತ್ತಿರ ಎರಡು ದೊಡ್ಡ ನೀಲಿ ಕಣ್ಣಿನಂಥ ಮಚ್ಚೆಯಿರುವ ಹಸಿರು ಹುಳು ಕಂಡರೆ, ಎಲೆಯ ಸಮೇತ ಅದರದ್ದೂ ಒಂದು ಫೋಟೊ ತೆಗೆದಿಡಿ.