ಆಲೆಮನೆಯ ಕಥೆಯನ್ನು ಚಿತ್ರದಲ್ಲೇ ಹೇಳಿದ್ದೇಕೆ

ಪಾಂಡವಪುರದ ಕಡೆ ನಮ್ಮ ದೊಡ್ಡಪ್ಪ ಆಲೆಮನೆ ಮುಚ್ಚಿದ ಕಥೆಯನ್ನು ಗ್ರಾಫಿಕ್ ಕಾದಂಬರಿಯಾಗಿ, ಅಂದರೆ ಚೌಕ ಚೌಕದ ಚಿತ್ರಗಳಲ್ಲಿ ಹೇಳುವ ಕಾದಂಬರಿಯಾಗಿ, ಬರೆಯುತ್ತಿದ್ದೇನೆ. ದೊಡ್ಡಪ್ಪ ಮಾತಾಡುವುದೇ ಕಮ್ಮಿ. ಗದ್ಯವಾದರೆ ಅವರು ಆಡದ ಮಾತನ್ನು ನಾನೇ ಅವರ ಬಾಯಿಗೆ ತುರುಕಬೇಕು. ಚಿತ್ರದಲ್ಲಿ ಸುಮ್ಮನೆ ಕೂತವರನ್ನು ಸುಮ್ಮನೆ ಕೂತಂತೆಯೇ ತೋರಿಸಬಹುದು.

ಧೈರ್ಯ ಕೊಟ್ಟದ್ದು ಆರ್ಟ್ ಸ್ಪೀಗೆಲ್‌ಮನ್ನರ ‘ಮೌಸ್’. ನಾಜಿಗಳ ಯಹೂದಿ ನರಮೇಧದಿಂದ ಬದುಕುಳಿದ ಅಪ್ಪನ ಕಥೆಯನ್ನು ಮಗ ಅದರಲ್ಲಿ ಚಿತ್ರಗಳಲ್ಲಿ ಹೇಳುತ್ತಾನೆ: ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ವ್ಯಾಯಾಮದ ಸೈಕಲ್ ತುಳಿಯುತ್ತ ಮಗನಿಗೆ ಹಳೆಯದನ್ನು ಹೇಳುವ ಮುದುಕ. ಅವನ ತೋಳಿನ ಮೇಲೆ ನಾಜಿ ಸೆರೆಕ್ಯಾಂಪಿನ ಹಚ್ಚೆ ನಂಬರು ಕಾಣುತ್ತದೆ, ಅದರ ಬಗ್ಗೆ ಅಲ್ಲಿ ಯಾರೂ ಸೊಲ್ಲೆತ್ತುವುದಿಲ್ಲ. 2011ರ ‘ಭೀಮಾಯಣ’ದಲ್ಲಿ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ದಂಪತಿ ಅಂಬೇಡ್ಕರರ ಬದುಕನ್ನು ಮಧ್ಯಪ್ರದೇಶದ ಗೊಂಡ ಬುಡಕಟ್ಟಿನ ಚಿತ್ರಶೈಲಿಯಲ್ಲಿ ಚಿತ್ರಿಸಿದ್ದಾರೆ. ಪಾತ್ರಗಳ ಮಾತನ್ನು ಬರೆಯುವ ಬಲೂನುಗಳಲ್ಲಿ ಮೆದು ಮಾತಿನದು ಹಕ್ಕಿಯ ಆಕಾರ, ವಿಷದ ಮಾತಿನದಕ್ಕೆ ಚೇಳಿನ ಕೊಂಡಿ. ಓದುವ ಮೊದಲೇ ಕುಟುಕುತ್ತದೆ. ಇದು ಸಾಹಿತ್ಯ ಹೌದೋ ಅಲ್ಲವೋ ಎಂದು ಇನ್ನೂ ಕೇಳುವವರು ಆ ಪುಟಗಳನ್ನು ಒಮ್ಮೆ ನಿಧಾನವಾಗಿ ನೋಡಲಿ.

ಕನ್ನಡದ ಬಲೂನಿಗೆ ಅದರದೇ ಲೆಕ್ಕಾಚಾರವಿದೆ. ಒತ್ತಕ್ಷರ ಕೆಳಗಿಳಿಯುತ್ತದೆ, ಜಾಗ ಬಿಡದಿದ್ದರೆ ‘ಕೊಪ್ಪರಿಗೆ’ಯ ಒತ್ತು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅದಕ್ಕೇ ಮೊದಲು ಮಾತು ಬರೆದು, ಸುತ್ತ ಬಲೂನು ಎಳೆದು, ಆಮೇಲೆ ಮುಖಗಳಿಗೆ ಕೈ ಹಾಕುತ್ತೇನೆ. ಮೂರು ಸಾಲು ಮೀರಿದರೆ ಮಾತನ್ನೇ ಕತ್ತರಿಸುತ್ತೇನೆ. ‘ಆಗಕಿಲ್ಲ ಕಣ್ ಮಗ’ ಅಂದರೆ ಸಾಕು, ಉಳಿದದ್ದನ್ನು ಕೂತ ಭಂಗಿ ಹೇಳುತ್ತದೆ.

ಆಲೆಮನೆಯಲ್ಲಿ ಕೊನೆಯ ಸಲ ಬೆಲ್ಲ ಕಾಯಿಸಿದ ಅಡುಗೆಯ ಪುಟದಲ್ಲಿ ಮಾತೇ ಇಲ್ಲ. ನೊರೆ ಉಕ್ಕುವ ಕೊಪ್ಪರಿಗೆ. ಹದ ನೋಡಲು ತಣ್ಣೀರಿಗೆ ಬಿಟ್ಟ ಚೂರು ಪಾಕ, ಅದನ್ನು ಉಂಡೆ ಕಟ್ಟುವ ಬೆರಳು. ಅಚ್ಚಿನ ಮಣೆ. ನಾಲ್ಕನೇ ಚೌಕದಲ್ಲಿ ಒಲೆ ಧಗಧಗ ಉರಿಯುತ್ತಿದೆ. ಐದನೆಯದರಲ್ಲಿ ಬೂದಿಯ ಮೇಲೆ ನಾಯಿ ಮಲಗಿದೆ. ನಡುವೆ ಒಂದು ಬೆರಳಗಲ ಬಿಳಿ ಜಾಗ, ಅಷ್ಟೆ. ಗ್ರಾಫಿಕ್ ಕಾದಂಬರಿಯ ಕಸುವೆಲ್ಲ ಇರುವುದು ಅಲ್ಲೇ ಎಂದು ನನ್ನ ನಂಬಿಕೆ: ಆ ರಾತ್ರಿಯನ್ನು ಓದುವವರೇ ತುಂಬಿಕೊಳ್ಳಬೇಕು.

ದೊಡ್ಡಮ್ಮನಿಗೆ ಓದು ಬಾರದು. ಆ ಬಿಳಿ ಜಾಗದ ಮೇಲೆ ಬೆರಳಿಟ್ಟು, “ಆವತ್ತು ನಿಮ್ ದೊಡ್ಡಪ್ಪ ಉಣ್ಣಲೇ ಇಲ್ಲ ಕಣಪ್ಪ” ಅಂದರು. ನನಗೆ ಅದು ಗೊತ್ತಿರಲಿಲ್ಲ. ಪುಟಕ್ಕೆ ಏನನ್ನೂ ಸೇರಿಸಲಿಲ್ಲ. ಮುಂದಿನ ಅಧ್ಯಾಯವನ್ನು ದೊಡ್ಡಮ್ಮನ ಬಾಯಿಂದಲೇ ಶುರು ಮಾಡುತ್ತಿದ್ದೇನೆ. ಅವರು ಮಾತುಗಾರ್ತಿ, ಬಲೂನುಗಳನ್ನು ದೊಡ್ಡದು ಮಾಡಬೇಕಾಗುತ್ತದೆ.